ಹಿರಿಯರ ಮನೆ, ಕಿರಿಯರ ನೆಲೆ

೧

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಕನ್ನಡನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಸಂಸಾರದಲ್ಲಿ ಕಷ್ಟಸಾಧ್ಯವಾದ ಎರಡು ಕಾರ್ಯಗಳನ್ನು ಅದು ಜೊತೆಯಾಗಿ ಹೇಳುತ್ತದೆ. ಕಷ್ಟವೆಂದು ಹೇಳಿದರೂ, ಇವೆರಡನ್ನೂ ಗೃಹಸ್ಥನು ತನ್ನ ದುಡಿಮೆಯಿಂದ ತನ್ನ ಆಯುಷ್ಯದೊಳಗೆ ಮಾಡಿ ಮುಗಿಸಬಲ್ಲನೆಂಬ ನಂಬಿಕೆಯೂ ಆ ಗಾದೆಯಲ್ಲಿ ಅಡಗಿದೆ. ಈಗಿನ ತರುಣರ ಸ್ಥಿತಿಯನ್ನು ನೋಡಿದರೆ ಆ ನಂಬಿಕೆಯೇ ಸಡಿಲತೊಡಗಿರುವಂತೆ ತೋರುತ್ತದೆ. ಸ್ವಂತ ಮನೆಯಿಲ್ಲವೆಂಬ ಕಾರಣದಿಂದ ಮದುವೆಗಳು ಮುಂದೆ ಹೋಗುತ್ತವೆ. ಮದುವೆಯಾದವರು ಪಟ್ಟಣದಲ್ಲಿ ಎರಡು ಕೋಣೆಗಳ ಬಾಡಿಗೆಯ ಬಿಡಾರದಲ್ಲಿ ಕಾಲ ಕಳೆಯುತ್ತಾರೆ. ಅತ್ತ ಊರಿನಲ್ಲಿ ಅವರ ಹಿರಿಯರಿಬ್ಬರೇ, ಒಂದು ಕಾಲಕ್ಕೆ ಇಪ್ಪತ್ತು ಜನ ಉಂಡೆದ್ದ ಮನೆಯಲ್ಲಿ, ಅಡಿಗೆಯ ಕೋಣೆಗೂ ಪಡಸಾಲೆಗೂ ಮಾತ್ರ ದೀಪ ಹಚ್ಚಿಕೊಂಡು ಇರುತ್ತಾರೆ.

ಇಂಥ ಸ್ಥಿತಿಯಲ್ಲಿ ವಿಚಾರಣೀಯವಾದ ಪ್ರಶ್ನೆಯೊಂದುಂಟು. ಒಂದು ತಲೆಮಾರಿಗೆ ನೆಲೆಯು ಅಧಿಕವಾಗಿಯೂ ಮುಂದಿನ ತಲೆಮಾರಿಗೆ ನೆಲೆಯು ದುರ್ಲಭವಾಗಿಯೂ ಇರುವಾಗ, ಹಿರಿಯರು ತಮ್ಮ ಕೈಯಲ್ಲಿರುವುದರ ಒಂದಂಶವನ್ನು ತಾವು ಬದುಕಿರುವಾಗಲೇ ಕಿರಿಯರಿಗೆ ಬಿಟ್ಟುಕೊಡುವುದು ದಯೆಯೋ, ಅಥವಾ ಋಣವೋ? ದಯೆಯೆಂದಾದರೆ ಕೊಟ್ಟವನು ಸ್ತುತ್ಯನು, ಕೊಡದವನನ್ನು ನಿಂದಿಸುವಂತಿಲ್ಲ. ಋಣವೆಂದಾದರೆ ಕೊಟ್ಟವನಿಗೆ ವಿಶೇಷವಾದ ಸ್ತುತಿಯಿಲ್ಲ, ಕೊಡದವನು ದೋಷಿಯಾಗುತ್ತಾನೆ. ಆದುದರಿಂದ ಇದು ಬರಿಯ ಶಬ್ದಗಳ ಜಗಳವಲ್ಲ. ಉತ್ತರವು ಹೇಗೆ ಬರುವುದೋ ಹಾಗೆ ಮನೆಮನೆಯ ವ್ಯವಹಾರವೂ ಬದಲಾಗತಕ್ಕದ್ದು.

ಈ ವಿಚಾರವನ್ನು ಉಳವಿಯ ಹಿನ್ನೆಲೆಯಲ್ಲಿ ಮಾಡುವುದು ಅನೇಕ ಕಾರಣಗಳಿಂದ ಯುಕ್ತವಾಗಿದೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ, ಕಾಡಿನ ನಡುವೆ ಇರುವ ಈ ಕ್ಷೇತ್ರವು ಚೆನ್ನಬಸವಣ್ಣನವರ ಸಮಾಧಿಯ ಸ್ಥಾನ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾದಾಗ ಶರಣರು ಮನೆಮಠಗಳನ್ನು ಬಿಟ್ಟು ಹೊರಟರು. ಅವರಲ್ಲಿ ಒಂದು ಗುಂಪು ಚೆನ್ನಬಸವಣ್ಣನವರೊಡನೆ ಈ ಅರಣ್ಯಕ್ಕೆ ಬಂದು ನಿಂತಿತೆಂದು ಪರಂಪರೆಯು ಹೇಳುತ್ತದೆ. ಅವರಿಗೆ ಇಲ್ಲಿ ಮೊದಲು ದೊರೆತ ಆಸರೆಯು ಗವಿಗಳು. ಅವುಗಳಲ್ಲಿ ಒಂದನ್ನು ಜನರು ಇಂದಿಗೂ ಮಹಾಮನೆಯ ಗವಿಯೆಂದು ಕರೆಯುತ್ತಾರೆ. ಕಲ್ಯಾಣದಲ್ಲಿ ಬಸವಣ್ಣನವರ ಮನೆಗಿದ್ದ ಹೆಸರನ್ನು ಮನೆ ಕಳೆದುಕೊಂಡವರು ಕಲ್ಲಿನ ಗುಹೆಗೆ ಇಟ್ಟುಕೊಂಡರು. ಮಾಘಮಾಸದ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬರುವ ಭಕ್ತರು ನೆಲೆ ತಪ್ಪಿದವರ ನೆನಪಿನ ಊರಿಗೆ ಬರುತ್ತಾರೆಂದು ಹೇಳಬಹುದು.

೨

ಜೋಯಿಡಾ ತಾಲೂಕು ವಿಸ್ತಾರದಲ್ಲಿ ಕರ್ನಾಟಕದ ದೊಡ್ಡ ತಾಲೂಕುಗಳಲ್ಲೊಂದು. ಜನಸಂಖ್ಯೆಯಾದರೋ ೨೦೧೧ರ ಜನಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಹೊರಗಿನವರು ಇದನ್ನು ಕೇಳಿ, ಇಲ್ಲಿ ಸ್ಥಳಕ್ಕೇನು ಬರವೆಂದು ಆಶ್ಚರ್ಯಪಡಬಹುದು. ಸ್ಥಳವಿರುವುದು ಬೇರೆ, ಆ ಸ್ಥಳದಲ್ಲಿ ನಿಲ್ಲಲು ಹಕ್ಕಿರುವುದು ಬೇರೆ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚಿನ ಭೂಮಿಯು ಅರಣ್ಯವಾಗಿದೆ. ಕಾಳೀನದಿಗೆ ಕಟ್ಟಿದ ಅಣೆಕಟ್ಟಿನಿಂದ, ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಎಂಬ ಊರೇ ೧೯೮೦ರ ದಶಕದಲ್ಲಿ ನೀರಿನೊಳಗೆ ಸೇರಿತು. ಅಲ್ಲಿಯವರು ರಾಮನಗರ ಮೊದಲಾದ ಕಡೆಗೆ ಚದರಿದರು. ೧೯೫೬ರಲ್ಲಿ ದಾಂಡೇಲಿಯ ವನ್ಯಜೀವಿಧಾಮ, ೧೯೮೭ರಲ್ಲಿ ಅಣಶಿಯ ರಾಷ್ಟ್ರೀಯ ಉದ್ಯಾನ, ೨೦೦೭ರಲ್ಲಿ ಇವೆರಡೂ ಸೇರಿ ಹುಲಿಗಳ ರಕ್ಷಿತಪ್ರದೇಶ, ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು, ಹೀಗೆ ಕಾಡಿನ ಸೀಮೆಯು ಕ್ರಮಕ್ರಮವಾಗಿ ಬಿಗಿಯಾಯಿತು. ಕಾಡನ್ನು ಕಾಯುವುದು ಅವಶ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಈ ಬಿಗಿಯು ಎಲ್ಲ ತಲೆಮಾರುಗಳನ್ನೂ ಸಮನಾಗಿ ತಟ್ಟಲಿಲ್ಲವೆಂಬುದೂ ನಿಜವೇ.

ಇದು ಸ್ಪಷ್ಟವಾಗಬೇಕಾದರೆ ಎರಡು ಕಾಲಗಳನ್ನು ನೆನೆದರೆ ಸಾಕು. ಭೂಸುಧಾರಣೆಯ ಕಾಯಿದೆಯ ತಿದ್ದುಪಡಿಯಂತೆ ೧೯೭೪ನೆಯ ಇಸವಿ ಮಾರ್ಚ್ ೧ರಂದು ಗೇಣಿಗೆ ಉಳುತ್ತಿದ್ದವನು ಆ ಭೂಮಿಗೆ ಒಡೆಯನಾಗಲು ಅರ್ಹನಾದನು. ಗೇಣಿಯ ಒಕ್ಕಲುಗಳೇ ಹೆಚ್ಚಾಗಿದ್ದ ಈ ಜಿಲ್ಲೆಯಲ್ಲಿ ಅದರಿಂದ ಎಷ್ಟೋ ಕುಟುಂಬಗಳು ತಲೆಯೆತ್ತಿದುವು. ೧೯೮೦ರಲ್ಲಿ ಬಂದ ಅರಣ್ಯ ಸಂರಕ್ಷಣೆಯ ಕಾಯಿದೆಯಿಂದ, ಕೇಂದ್ರಸರಕಾರದ ಒಪ್ಪಿಗೆಯಿಲ್ಲದೆ ಕಾಡಿನ ಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡುವುದು ನಿಂತಿತು. ಮೊದಲನೆಯದು ಬಾಗಿಲು ತೆರೆದ ದಿವಸ, ಎರಡನೆಯದು ಬಾಗಿಲು ಮುಚ್ಚಿದ ವರ್ಷ. ಈ ಎರಡರ ನಡುವೆ ಪ್ರಾಯಕ್ಕೆ ಬಂದಿದ್ದವನು ಎರಡೋ ಮೂರೋ ಎಕರೆಗೆ ಯಜಮಾನನಾದನು. ಅವನ ಮೊಮ್ಮಗನು ೧೯೯೫ರಲ್ಲಿ ಹುಟ್ಟಿದವನಾದರೆ, ಅದೇ ಎರಡು ಮೂರು ಎಕರೆಯಲ್ಲಿ ಅಣ್ಣತಮ್ಮ ಅಕ್ಕತಂಗಿಯರ ಪಾಲು ಕಳೆದು ಉಳಿದ ಗುಂಟೆಗಳನ್ನು ಎಣಿಸಬೇಕಾಯಿತು. ಅಜ್ಜನು ಉದ್ಯೋಗಿ, ಮೊಮ್ಮಗನು ಆಲಸಿ ಎಂಬುದು ಇದಕ್ಕೆ ಕಾರಣವಲ್ಲ. ಇಬ್ಬರೂ ದುಡಿಯುವವರೇ, ಹುಟ್ಟಿದ ಸಂವತ್ಸರ ಬೇರೆ.

ಇದರ ಮೇಲೆ ಈಚಿನ ವರ್ಷಗಳಲ್ಲಿ ಪ್ರವಾಸಿಗಳ ನೂಕುನುಗ್ಗಲು ಬಂದಿದೆ. ಗಣೇಶಗುಡಿಯಲ್ಲಿ ಕಾಳೀನದಿಯ ರಭಸದಲ್ಲಿ ದೋಣಿಯಾಟ, ದಾಂಡೇಲಿಯ ಸುತ್ತ ರೆಸಾರ್ಟುಗಳು, ಹಳ್ಳಿಗಳಲ್ಲಿ ಹೋಮ್‌ಸ್ಟೇಗಳು. ಇವುಗಳಿಂದ ಅನೇಕರಿಗೆ ಜೀವನೋಪಾಯವಾಗಿರುವುದು ಸತ್ಯ. ಆದರೆ ಮಾಲಿಕತ್ವದ ಕಾಗದವಿರುವ ಸ್ವಲ್ಪ ಭೂಮಿಗೆ ದೂರದ ಪಟ್ಟಣಗಳ ಧನಿಕರು ಗಿರಾಕಿಗಳಾದಮೇಲೆ, ಊರಿನ ತರುಣನು ಅವರ ಸಮಕ್ಕೆ ಬೆಲೆ ಹೇಳಬಲ್ಲನೇ? ಬೇರೆಯವರು ಒಂದು ರಾತ್ರಿ ಮಲಗಿ ಹೋಗುವ ಮನೆಯ ಹಾಸಿಗೆ ಕೊಡಹುವ ಕೆಲಸಕ್ಕೆ ಅವನು ನಿಲ್ಲುತ್ತಾನೆ. ಆ ಒಂದು ರಾತ್ರಿಯ ಬಾಡಿಗೆಯನ್ನು ಗಳಿಸಲು ಅವನು ಎಷ್ಟು ದಿವಸ ದುಡಿಯಬೇಕೆಂಬುದನ್ನು ವಾಚಕರೇ ಎಣಿಸಬಹುದು. ಆ ಕೆಲಸವೂ ದೊರೆಯದವನು ಗೋವೆಗೋ, ಬೆಳಗಾವಿ ಹುಬ್ಬಳ್ಳಿಗಳಿಗೋ, ಬೆಂಗಳೂರಿಗೋ ಹೋಗುತ್ತಾನೆ. ಬೆಂಗಳೂರಿನಲ್ಲಿ ಬಾಡಿಗೆಯ ಮನೆಯ ಬಾಗಿಲು ತೆರೆಯಬೇಕಾದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವ ರೂಢಿಯು ಬಹುಕಾಲ ನಡೆದುಬಂದಿದೆ. ವಾಸದ ಮನೆಗಳಿಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದೆಂದು ಕೇಂದ್ರಸರಕಾರವು ೨೦೨೧ರಲ್ಲಿ ಒಪ್ಪಿದ ಮಾದರಿ ಕಾಯಿದೆಯು ಹೇಳಿತು. ಆದರೆ ಮಾದರಿಯೆಂಬುದು ರಾಜ್ಯಗಳು ಅಂಗೀಕರಿಸುವವರೆಗೆ ಮಾದರಿಯೇ.

ಮನೆಗಳೇ ಇಲ್ಲದೆ ಈ ಕಷ್ಟವೆಂದರೆ ಅದೂ ಸರಿಯಲ್ಲ. ೨೦೧೧ರ ಜನಗಣತಿಯಲ್ಲಿ ಭಾರತದ ಪಟ್ಟಣಗಳಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಮನೆಗಳು ಖಾಲಿಯಾಗಿದ್ದುವು. ಅದರ ಮುಂದಿನ ವರ್ಷವೇ ಸರಕಾರದ ತಜ್ಞರ ಮಂಡಲಿಯು ಪಟ್ಟಣಗಳಲ್ಲಿ ಮನೆಗಳ ಕೊರತೆಯನ್ನು ಒಂದು ಕೋಟಿ ಎಂಬತ್ತೇಳು ಲಕ್ಷಕ್ಕೂ ಮೇಲೆಂದು ಎಣಿಸಿತು. ಬೀಗ ಹಾಕಿದ ಮನೆಗಳೂ ಮನೆಯಿಲ್ಲದ ಸಂಸಾರಗಳೂ ಒಂದೇ ದೇಶದಲ್ಲಿ, ಹಲವೆಡೆ ಒಂದೇ ಬೀದಿಯಲ್ಲಿ, ಎದುರುಬದುರಾಗಿ ನಿಂತಿವೆ. ಜಪಾನಿನಲ್ಲಿ ೨೦೨೩ರಲ್ಲಿ ಖಾಲಿಯಿದ್ದ ಮನೆಗಳು ೯೦ ಲಕ್ಷ. ಅಲ್ಲಿಯ ಹಳ್ಳಿಗಳಲ್ಲಿ ಮುದುಕರು ತೀರಿಕೊಂಡ ಮನೆಗಳು ಹಾಳುಬಿದ್ದಿರಲು, ತರುಣರು ಟೋಕಿಯೋ ನಗರದ ಕಿರಿದಾದ ಕೋಣೆಗಳಲ್ಲಿ ವಾಸಿಸುತ್ತಾರೆ. ಆದುದರಿಂದ ಕೊರತೆಯಿರುವುದು ಇಟ್ಟಿಗೆ ಮರಗಳಲ್ಲಿ ಮಾತ್ರವಲ್ಲ. ಇರುವುದು ಯಾವ ಕಾಲಕ್ಕೆ ಯಾರ ಕೈಗೆ ಸೇರುತ್ತದೆಂಬ ಕ್ರಮದಲ್ಲಿಯೂ ಕೊರತೆಯಿದೆ.

೩

ಇಲ್ಲಿ ಹಿರಿಯರ ಪಕ್ಷದಿಂದ ಬರುವ ಆಕ್ಷೇಪಗಳನ್ನು ಗೌರವದಿಂದ ಕೇಳಬೇಕು. ಅವುಗಳಲ್ಲಿ ಮೊದಲನೆಯದು: ನಾವು ಬೆವರು ಸುರಿಸಿ ಗಳಿಸಿದೆವು; ಹೊಟ್ಟೆ ಬಟ್ಟೆ ಕಟ್ಟಿ ಗೋಡೆಯೆಬ್ಬಿಸಿದೆವು; ಇದರಲ್ಲಿ ಪರರಿಗೆ ಋಣವೆಲ್ಲಿಂದ ಬಂತು? ಈ ಮಾತಿನಲ್ಲಿ ಸತ್ಯಾಂಶವು ಬಹಳವಿದೆ. ಮನೆಯಲ್ಲಿ ಎರಡು ಅಂಶಗಳುಂಟೆಂಬುದನ್ನು ಮಾತ್ರ ಅದು ಮರೆಯುತ್ತದೆ. ಗೋಡೆ, ತೊಲೆ, ಹಂಚು, ಬಾವಿ ಇವು ಯಜಮಾನನ ಶ್ರಮದ ಫಲ. ನಿವೇಶನದ ಬೆಲೆಯು ಹಾಗಲ್ಲ. ಬೆಂಗಳೂರಿನಲ್ಲಿ ಹಿಂದಿನ ಕಾಲಕ್ಕೆ ನಗರಾಭಿವೃದ್ಧಿಯ ಮಂಡಲಿಯಿಂದ ಮೂವತ್ತು ನಲವತ್ತರ ಅಳತೆಯ ನಿವೇಶನ ಪಡೆದ ಗುಮಾಸ್ತನು, ಅದನ್ನು ಪಡೆದ ಬಳಿಕ ಆ ನೆಲಕ್ಕೆ ವಿಶೇಷವಾಗಿ ಏನನ್ನೂ ಮಾಡಲಿಲ್ಲ. ರಸ್ತೆಯು ಬಂತು, ಶಾಲೆಯು ಬಂತು, ಕಚೇರಿಗಳು ಬಂದುವು, ದೇಶದ ನಾನಾ ಭಾಗಗಳಿಂದ ತರುಣರು ಬಂದು ಸುತ್ತಮುತ್ತ ದುಡಿದರು, ಬೆಲೆಯು ಏರಿತು. ದಾಂಡೇಲಿ ಜೋಯಿಡಾಗಳ ಭೂಮಿಗೂ ಬೆಲೆಯೇರಿಸಿದ್ದು ನದಿ, ಕಾಡು, ರಸ್ತೆ ಮತ್ತು ಪರಸ್ಥಳದವರ ಹಣ. ಹೀಗೆ ಗೋಡೆಯು ಅವನದೇ ಆದರೂ, ಬೆಲೆಯ ಬಹುಭಾಗವು ಸಮಾಜದ್ದು. ಆ ಸಮಾಜದಲ್ಲಿ ಮನೆಯಿಲ್ಲದ ಕಿರಿಯರೂ ದುಡಿಯುತ್ತಿದ್ದಾರೆ. ತಾವೇ ಏರಿಸಿದ ಬೆಲೆಯನ್ನು ತಾವೇ ತೆರಲಾರದೆ ಅವರು ನಿಂತಿದ್ದಾರೆ.

ಎರಡನೆಯ ಆಕ್ಷೇಪ: ಈಗಿನವರು ಮಿತವ್ಯಯವನ್ನರಿಯರು, ಹೋಟೆಲು, ಮೊಬೈಲು, ತಿರುಗಾಟಗಳಿಗೆ ಸುರಿಯುವುದನ್ನು ಕೂಡಿಟ್ಟರೆ ಮನೆಯಾದೀತು. ದುಂದುವೆಚ್ಚವು ದೋಷವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಲೆಕ್ಕವನ್ನು ಮಾಡಿ ನೋಡತಕ್ಕದ್ದು. ತರುಣನೊಬ್ಬನು ೩೦ ಲಕ್ಷ ರೂಪಾಯಿಗಳನ್ನು ಶೇಕಡಾ ಎಂಟೂವರೆಯ ಬಡ್ಡಿಗೆ ಇಪ್ಪತ್ತು ವರ್ಷಗಳ ಅವಧಿಗೆ ಸಾಲ ಪಡೆದನೆಂದು ಭಾವಿಸೋಣ. ತಿಂಗಳ ಕಂತು ಸುಮಾರು ೨೬,೦೦೦ ರೂಪಾಯಿ; ಇನ್ನೂರ ನಲವತ್ತು ಕಂತುಗಳು ಮುಗಿಯುವಾಗ ಅವನು ತೆತ್ತ ಮೊತ್ತವು ೬೨ ಲಕ್ಷಕ್ಕೂ ಹೆಚ್ಚು. ಒಂದು ಮನೆಯಲ್ಲಿ ಇರುವುದಕ್ಕಾಗಿ ಎರಡು ಮನೆಗಳ ಹಣವನ್ನು ಕೊಟ್ಟಂತಾಯಿತು. ಸಾಲಕ್ಕೆ ಮೊದಲು ಕೈಯಿಂದ ಹಾಕಬೇಕಾದ ಪಾಲು ಬೇರೆಯೇ ಇದೆ. ಅದನ್ನು ಕೂಡಿಸುವ ವರ್ಷಗಳಲ್ಲಿ ಬಾಡಿಗೆಯು ನಿಲ್ಲುವುದಿಲ್ಲ, ಬೆಲೆಯೂ ಕಾಯುವುದಿಲ್ಲ. ಚಹಾ ಬಿಟ್ಟ ಮಾತ್ರಕ್ಕೆ ತುಂಬುವ ಅಂತರವಲ್ಲ ಇದು. ಅದೇ ತರುಣನಿಗೆ ಮೂವತ್ತನೆಯ ವಯಸ್ಸಿನಲ್ಲಿ ತಂದೆಯು ಹಿತ್ತಲಿನ ಐದು ಗುಂಟೆಯನ್ನು ಬಿಟ್ಟುಕೊಟ್ಟರೆ ಅವನ ಸಾಲವು ಗೋಡೆ ಚಾವಣಿಗಳಿಗೆ ಬೇಕಾದಷ್ಟಕ್ಕೆ ಇಳಿದೀತು.

೪

ಇನ್ನು ಶಾಸ್ತ್ರವು ಏನನ್ನುತ್ತದೆಂಬುದನ್ನು ನೋಡಬೇಕು. ಈ ಪ್ರಶ್ನೆಯನ್ನು ಕನ್ನಡನಾಡಿನ ಪಂಡಿತನೊಬ್ಬನು ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದನು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ೧೦೭೬ರಿಂದ ೧೧೨೬ರ ವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹಕ್ಕು ಯಾವಾಗ ಹುಟ್ಟುತ್ತದೆ? ಬಂಗಾಲದ ಜೀಮೂತವಾಹನನು ದಾಯಭಾಗವೆಂಬ ಗ್ರಂಥದಲ್ಲಿ, ತಂದೆಯ ಸ್ವಾಮ್ಯವು ಮರಣದಿಂದಲೋ ಪಾತಿತ್ಯ ಸಂನ್ಯಾಸಾದಿಗಳಿಂದಲೋ ಅಳಿದಮೇಲೆಯೇ ಎಂದನು. ವಿಜ್ಞಾನೇಶ್ವರನು ಮಗನ ಜನ್ಮದಿಂದಲೇ ಎಂದನು. ವಿಭಾಗವೆಂಬುದು ಹೊಸ ಸ್ವತ್ವವನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದುದನ್ನು ಬೇರ್ಪಡಿಸಿ ತೋರಿಸುತ್ತದೆ ಎಂಬುದು ಅವನ ಸಿದ್ಧಾಂತ. ಸ್ಥಾವರವನ್ನು ದಾನವಿಕ್ರಯ ಮಾಡುವಾಗ ಇನ್ನೂ ಹುಟ್ಟದಿರುವವರ ಜೀವನಾಧಾರವನ್ನೂ ಎಣಿಸಬೇಕೆಂಬ ವಿಚಾರವು ಆ ಗ್ರಂಥದಲ್ಲಿ ಬರುತ್ತದೆ. ಈ ದೃಷ್ಟಿಯಲ್ಲಿ ತಂದೆಯು ಕುಲದ ಆಸ್ತಿಗೆ ಏಕಮಾತ್ರ ಒಡೆಯನಲ್ಲ. ಸಹಭಾಗಿಗಳ ಪರವಾಗಿ ಅದನ್ನು ನೋಡಿಕೊಳ್ಳತಕ್ಕವನು.

ಈ ಸಿದ್ಧಾಂತದಲ್ಲಿ ನ್ಯೂನತೆಗಳು ಇರಲಿಲ್ಲವೆಂದಲ್ಲ. ಹೆಣ್ಣುಮಕ್ಕಳಿಗೆ ಜನ್ಮಸಿದ್ಧವಾದ ಹಕ್ಕು ಅದರಲ್ಲಿರಲಿಲ್ಲ. ೨೦೦೫ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರದ ಕಾಯಿದೆಯು ಆ ಅನ್ಯಾಯವನ್ನು ನೀಗಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಅರ್ಥವನ್ನು ಇನ್ನೂ ಸ್ಪಷ್ಟಪಡಿಸಿತು. ಆದರೆ ಹಕ್ಕು ಇತ್ತ ವಿಸ್ತರಿಸುತ್ತಿರುವಾಗಲೇ ಅತ್ತ ಕುಗ್ಗುತ್ತಲೂ ಬಂತೆಂಬುದನ್ನು ಕೆಲವರೇ ಗಮನಿಸಿದ್ದಾರೆ. ೧೯೫೬ರ ಕಾಯಿದೆಯ ಬಳಿಕ ತಂದೆಯ ಪ್ರತ್ಯೇಕ ಸ್ವತ್ತು ಮಗನಿಗೆ ಉತ್ತರಾಧಿಕಾರದಿಂದ ಬಂದರೆ, ಅದು ಆ ಮಗನ ಸ್ವಂತದ್ದೇ ಆಗುತ್ತದೆ. ಮೊಮ್ಮಗನಿಗೆ ಅದರಲ್ಲಿ ಜನ್ಮದಿಂದ ಭಾಗವಿಲ್ಲವೆಂದು ೧೯೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಸ್ವಯಾರ್ಜಿತವಾದ ಮನೆಯಂತೂ ಗಳಿಸಿದವನ ಇಚ್ಛೆಗೆ ಒಳಪಟ್ಟದ್ದು. ಹೀಗೆ ವ್ಯವಹಾರದಲ್ಲಿ ಕನ್ನಡನಾಡಿನ ಬಹುಮಂದಿ ಕಿರಿಯರು, ಮಿತಾಕ್ಷರೆಯ ನಾಡಿನಲ್ಲಿದ್ದುಕೊಂಡೇ, ದಾಯಭಾಗದವರಂತೆ ತಂದೆಯ ಕಾಲಾನಂತರಕ್ಕಾಗಿ ಕಾಯತಕ್ಕವರಾಗಿದ್ದಾರೆ.

ಕಾಯುವ ಅವಧಿಯಾದರೂ ಹಿಂದಿನಷ್ಟೇ ಇದೆಯೇ? ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯವು ಮೂವತ್ತೆರಡು ವರ್ಷಗಳ ಸುಮಾರಿನಲ್ಲಿತ್ತು. ಈಗ ಅದು ಎಪ್ಪತ್ತರ ಸಮೀಪಕ್ಕೆ ಬಂದಿದೆ. ಇದು ವೈದ್ಯಶಾಸ್ತ್ರದ ಮಹಾವಿಜಯ. ಹಿರಿಯರ ದೀರ್ಘಾಯುಷ್ಯವನ್ನು ಅಪೇಕ್ಷಿಸದ ಮಕ್ಕಳು ಮಕ್ಕಳೇ ಅಲ್ಲ. ಆದರೂ ಅದರ ಫಲವನ್ನು ಶಾಂತವಾಗಿ ವಿಚಾರಿಸಬೇಕು. ಇಪ್ಪತ್ತೈದರಲ್ಲಿ ಮಗನನ್ನು ಪಡೆದ ತಂದೆಯು ಎಂಬತ್ತೈದರ ವರೆಗೆ ಬಾಳಿದರೆ ಮನೆಯು ಮಗನಿಗೆ ಬರುವುದು ಅರವತ್ತನೆಯ ವಯಸ್ಸಿನಲ್ಲಿ. ಮದುವೆಯಾಗುವಾಗ, ಮಗುವಿಗೆ ತೊಟ್ಟಿಲು ಕಟ್ಟುವಾಗ, ವೃತ್ತಿಯನ್ನು ಹೂಡುವಾಗ ಬೇಕಾಗಿದ್ದ ನೆಲೆಯು ಅವನಿಗೆ ನಿವೃತ್ತನಾದಮೇಲೆ ದೊರೆಯಿತು. ಕೊಟ್ಟದ್ದು ಅದೇ ಮನೆಯಾದರೂ ಕಾಲ ತಪ್ಪಿ ಕೊಟ್ಟುದರಿಂದ ಅದರ ಉಪಯೋಗವು ತಪ್ಪಿಹೋಯಿತು. ಬಿತ್ತನೆಯ ಕಾಲಕ್ಕೆ ಬಾರದ ಮಳೆಯು ಸುಗ್ಗಿಯ ಕಾಲಕ್ಕೆ ಸುರಿದಂತೆ.

ಮಹಾಭಾರತದ ಯಯಾತಿಯ ಉಪಾಖ್ಯಾನವು ಇಲ್ಲಿ ನೆನಪಿಗೆ ಬರತಕ್ಕದ್ದೇ. ಅಕಾಲವಾರ್ಧಕ್ಯಕ್ಕೆ ಗುರಿಯಾದ ಆ ಅರಸನು ತನ್ನ ಐವರು ಮಕ್ಕಳೊಡನೆ ಯೌವನವನ್ನು ಬೇಡಿದನು. ನಾಲ್ವರು ಒಲ್ಲೆವೆಂದು ಶಾಪಕ್ಕೊಳಗಾದರು. ಕಿರಿಯವನಾದ ಪೂರುವು ತನ್ನ ಯೌವನವನ್ನು ಕೊಟ್ಟು ಮುಪ್ಪನ್ನು ಹೊತ್ತನು. ಪೂರುವಿನ ತ್ಯಾಗವನ್ನು ಪುರಾಣ ಹೇಳುವವರೆಲ್ಲರೂ ಕೊಂಡಾಡುತ್ತಾರೆ. ಯಯಾತಿಯು ಅದನ್ನು ಹಿಂದಕ್ಕೆ ಕೊಟ್ಟನೆಂಬುದನ್ನು ಕೊಂಡಾಡುವವರು ವಿರಳ. ಸಾವಿರ ವರ್ಷ ಭೋಗಿಸಿದರೂ ತೃಪ್ತಿಯೆಂಬುದು ಬಾರದೆಂದು ಕಂಡುಕೊಂಡು, ಅವನು ಮಗನಿಗೆ ಯೌವನವನ್ನು ಮರಳಿಸಿ, ಬದುಕಿರುವಾಗಲೇ ರಾಜ್ಯವನ್ನೂ ಒಪ್ಪಿಸಿ, ತಾನು ವನಕ್ಕೆ ತೆರಳಿದನು. ಕಥೆಯ ತಾತ್ಪರ್ಯವು ಈ ಮರಳಿಸುವಿಕೆಯಲ್ಲಿದೆ. ಗೃಹಸ್ಥನು ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ತೊಡೆಯ ಮೇಲೆ ಮೊಮ್ಮಗುವನ್ನೂ ಕಂಡಮೇಲೆ ವನವಾಸಕ್ಕೆ ಸಿದ್ಧನಾಗಬೇಕೆಂದು ಧರ್ಮಶಾಸ್ತ್ರವು ವಿಧಿಸಿದ್ದಕ್ಕೂ ಇದೇ ಕಾರಣವಿದ್ದೀತು: ಮನೆಯು ಅದರ ಅವಶ್ಯಕತೆಯಿರುವವರ ಕೈಗೆ ಸಕಾಲದಲ್ಲಿ ಸೇರಬೇಕು. ಜೋಯಿಡಾ ತಾಲೂಕಿನಲ್ಲಿ ಈಗ ಈ ಕ್ರಮವು ತಲೆಕೆಳಗಾಗಿದೆ. ಮುದುಕರು ಮನೆಯಲ್ಲಿಯೇ ಉಳಿದಿದ್ದಾರೆ, ಮನೆಯೂ ವನದ ನಡುವಿನಲ್ಲಿಯೇ ಇದೆ, ಹೊರಟುಹೋದವರು ತರುಣರು.

೫

ಮೂರನೆಯ ಆಕ್ಷೇಪವೊಂದು ಉಳಿದಿದೆ. ಅದು ಎಲ್ಲಕ್ಕಿಂತ ಬಲವಾದದ್ದು. ಬರೆದುಕೊಟ್ಟ ಮರುದಿನದಿಂದ ಹಿರಿಯರಿಗೆ ಪಡಸಾಲೆಯ ಮೂಲೆಯೇ ಗತಿಯಾದ ಮನೆಗಳು ಊರಿಗೆ ಒಂದಾದರೂ ಇವೆ. ಕೂಲಿ ಮಾಡಿ ಬದುಕಿದ ವೃದ್ಧರಿಗೆ ನೌಕರಿಯ ಪಿಂಚಣಿಯಿಲ್ಲ. ಉತಾರದಲ್ಲಿರುವ ಹೆಸರೊಂದೇ ಅವರ ಊರುಗೋಲು. ಅದನ್ನೂ ಬಿಟ್ಟುಕೊಡೆಂದು ಹೇಳುವುದು ನಿಷ್ಠುರವಾಗುವುದಿಲ್ಲವೇ?

ಈ ಭಯವನ್ನು ಹಗುರವಾಗಿ ಕಾಣುವವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲ. ಋಣವೆಂಬುದು ಒಂದು ದಿಕ್ಕಿಗೆ ಮಾತ್ರ ಹರಿಯತಕ್ಕದ್ದಲ್ಲ. ತಂದೆತಾಯಿಗಳ ಪೋಷಣೆಗಾಗಿ ೨೦೦೭ರಲ್ಲಿ ಬಂದ ಕಾಯಿದೆಯು ಈ ಸಂಗತಿಯನ್ನು ಚೆನ್ನಾಗಿ ತಿಳಿದಿದೆ. ತನ್ನ ಯೋಗಕ್ಷೇಮವನ್ನು ನೋಡಿಕೊಳ್ಳಬೇಕೆಂಬ ನಿಬಂಧನೆಯೊಡನೆ ಹಿರಿಯನು ಸ್ವತ್ತನ್ನು ಕೊಟ್ಟಿದ್ದು, ಪಡೆದವನು ಅದನ್ನು ನಡೆಯಿಸದಿದ್ದರೆ, ಆ ದಾನವನ್ನು ರದ್ದುಮಾಡಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಆದರೆ ನಿಬಂಧನೆಯಿತ್ತೆಂಬುದು ಸಿದ್ಧವಾಗಬೇಕು. ಆದುದರಿಂದ ಕೊಡುವ ಹಿರಿಯರು ಸಂಕೋಚಪಡದೆ ಆ ಮಾತನ್ನು ಪತ್ರದಲ್ಲಿ 'ಬರೆಯಿಸತಕ್ಕದ್ದು': ಬದುಕಿರುವವರೆಗೆ ಇಂಥ ಕೋಣೆಯು ತಮ್ಮದು, ಇಂತಿಷ್ಟು ಧಾನ್ಯವು ತಮ್ಮದು, ಔಷಧೋಪಚಾರವು ಮಕ್ಕಳ ಹೊಣೆಯೆಂದು. ಮಕ್ಕಳಲ್ಲಿ ನಂಬಿಕೆಯಿಲ್ಲವೆಂದು ಇದರ ಅರ್ಥವಲ್ಲ. ಬರೆದಿಟ್ಟ ಮಾತಿನಿಂದ ಕೊಡುವವನಿಗೆ ಧೈರ್ಯವೂ ಪಡೆಯುವವನಿಗೆ ಕರ್ತವ್ಯದ ಎಚ್ಚರವೂ ಬರುತ್ತದೆ. ಎಲ್ಲವನ್ನೂ ಒಮ್ಮೆಗೇ ಕೊಡಬೇಕೆಂದೂ ಇಲ್ಲ. ಮನೆಯನ್ನು ಇಟ್ಟುಕೊಂಡು ನಿವೇಶನವನ್ನು ಬಿಡಬಹುದು; ಜಮೀನನ್ನು ಇಟ್ಟುಕೊಂಡು ಅದರ ಉತ್ಪನ್ನದ ಪಾಲನ್ನು ಬಿಡಬಹುದು. ಭಯಕ್ಕೆ ಪರಿಹಾರವು ಭದ್ರತೆಯೇ ಹೊರತು ಬೀಗವಲ್ಲ.

೬

ಇಷ್ಟಕ್ಕೇ ನಿಲ್ಲಿಸಿದರೆ ವಿಚಾರವು ಅರ್ಧವಾಗುತ್ತದೆ, ಮತ್ತು ಆ ಅರ್ಧವು ಅಪಾಯಕರವೂ ಹೌದು. ಎಲ್ಲ ಹಿರಿಯರ ಕೈಯಲ್ಲಿಯೂ ಮನೆಯಿಲ್ಲ. ಸೂಪಾದ ನೀರಿಗೆ ಎಲ್ಲವನ್ನೂ ಬಿಟ್ಟು ಬಂದವರ ಮೊಮ್ಮಕ್ಕಳಿಗೆ, ಭೂಹೀನ ಕೂಲಿಕಾರರ ಮಕ್ಕಳಿಗೆ, ಜನ್ಮಸಿದ್ಧವಾದ ಹಕ್ಕಿನಿಂದ ಬರುವುದೇನು? ಉಳ್ಳವರು ತಮ್ಮ ತಮ್ಮ ಮಕ್ಕಳಿಗೆ ಬೇಗನೆ ಕೊಟ್ಟುಬಿಟ್ಟರೆ, ಹಿರಿಯರಿಗೂ ಕಿರಿಯರಿಗೂ ನಡುವಿನ ಅಂತರವು ಕಡಿಮೆಯಾದೀತು. ಕಿರಿಯರಲ್ಲಿಯೇ ಅಜ್ಜನಿಂದ ಮನೆ ಬಂದವರಿಗೂ ಬಾರದವರಿಗೂ ನಡುವಿನ ಅಂತರವು ಹೆಚ್ಚಾದೀತು. ವಿಜ್ಞಾನೇಶ್ವರನ ನ್ಯಾಯವು ಕುಲದ ಹೊಸ್ತಿಲಿನ ಒಳಗೆ ಬೆಳಗುವ ದೀಪ. ಹೊಸ್ತಿಲಿನ ಆಚೆಗೆ ಅದರ ಬೆಳಕು ಬೀಳದು.

ಆ ಹೊಸ್ತಿಲನ್ನು ದಾಟಿದವರು ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನ ತರುವಾಯ ಅರ್ಧ ಶತಮಾನದಷ್ಟು ಕಾಲದೊಳಗೆ ಬಂದ ಶರಣರು. ದುಡಿದುದರಲ್ಲಿ ಅವಶ್ಯಕತೆಗೆ ಮೀರಿದ್ದು ತನ್ನದಲ್ಲವೆಂಬುದು ಅವರ ದಾಸೋಹದ ತತ್ವ. ಆಯ್ದಕ್ಕಿ ಮಾರಯ್ಯನ ಕಥೆಯು ಮಕ್ಕಳಿಗೂ ತಿಳಿದದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಅವನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಪತ್ನಿಯಾದ ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಗೇ ಸುರಿದುಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ; ಆಯ್ದದ್ದೇ. ಆದರೂ ಅವಶ್ಯಕತೆಯನ್ನು ಮೀರಿತ್ತು. ಒಂದು ಮನೆಯಲ್ಲಿ ವಾಸಿಸುತ್ತ ಎರಡು ಮೂರನ್ನು ಬೆಲೆಯೇರಲೆಂದು ಬೀಗ ಹಾಕಿಟ್ಟವರಿಗೆ ಲಕ್ಕಮ್ಮನು ಏನು ಹೇಳಿಯಾಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಖಾಲಿ ಮನೆಯನ್ನು ಯುಕ್ತವಾದ ಬಾಡಿಗೆಗೆ, ತಾಳಬಹುದಾದ ಮುಂಗಡಕ್ಕೆ, ಜಾತಿಯನ್ನು ಕೇಳದೆ ಕೊಡುವುದು ಈ ಕಾಲದ ದಾಸೋಹಗಳಲ್ಲೊಂದು. ಊರಿನ ಭೂಮಿಯನ್ನು ಪರಸ್ಥಳದ ಧನಿಕನಿಗೆ ಮಾರುವ ಮೊದಲು ಊರಿನಲ್ಲಿಯೇ ನೆಲೆ ಹುಡುಕುತ್ತಿರುವ ತರುಣ ದಂಪತಿಗಳನ್ನು ಒಮ್ಮೆ ಕೇಳುವುದು ಇನ್ನೊಂದು.

ಹಣವೂ ಭೂಮಿಯೂ ಇಲ್ಲದ ಹಿರಿಯರಲ್ಲಿಯೂ ಕೊಡತಕ್ಕದ್ದೊಂದು ಇದೆಯೆಂಬುದಕ್ಕೆ ಈ ಸೀಮೆಯಲ್ಲಿ ವಿಶೇಷವಾದ ದೃಷ್ಟಾಂತವಿದೆ. ೨೦೦೬ರ ಅರಣ್ಯಹಕ್ಕುಗಳ ಕಾಯಿದೆಯಂತೆ ಕಾಡಿನಲ್ಲಿ ವಾಸಿಸುವ ಪರಿಶಿಷ್ಟ ಪಂಗಡದವರು ೨೦೦೫ನೆಯ ಇಸವಿ ಡಿಸೆಂಬರ್ ೧೩ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ವನವಾಸಿಗಳಾದರೋ ಆ ದಿನಕ್ಕೆ ಮೊದಲು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಈ ಜಿಲ್ಲೆಯ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ವರ್ಷ ಗೋವೆಯಲ್ಲಿ ಕುಣಬಿಗಳೂ ಸೇರಿದರು. ಗಡಿಯ ಈಚೆಗಿರುವ ಜೋಯಿಡಾದ ಕುಣಬಿಗಳು ಬಹುಕಾಲ ಅದಕ್ಕಾಗಿ ಕೇಳುತ್ತಲೇ ಬಂದಿದ್ದಾರೆ. ಹೀಗಾಗಿ ೧೯೯೦ರಲ್ಲಿ ಹುಟ್ಟಿದ ಕುಣಬಿಯ ತರುಣನು ತನ್ನ ಮಣ್ಣಿನ ಮನೆಗೆ ಹಕ್ಕುಪತ್ರ ಬೇಕಾದರೆ ೧೯೩೦ರಲ್ಲಿ ತನ್ನ ಪೂರ್ವಜನು ಎಲ್ಲಿದ್ದನೆಂಬುದನ್ನು ಸಿದ್ಧಪಡಿಸಬೇಕು. ಕಾಗದಗಳಿಲ್ಲದ ಕಾಡಿನಲ್ಲಿ ಅದನ್ನು ಹೇಗೆ ತರಬೇಕು? ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಒಪ್ಪಿಸಲು ಆ ಕಾಯಿದೆಯ ನಿಯಮಗಳಲ್ಲಿ ಅವಕಾಶವಿದೆ. ಯಾವ ಮರದ ಕೆಳಗೆ ಯಾರ ಗುಡಿಸಲಿತ್ತು, ಯಾವ ಗದ್ದೆಯನ್ನು ಯಾರ ಅಜ್ಜ ಉಳುತ್ತಿದ್ದ ಎಂಬ ನೆನಪೇ ಅಲ್ಲಿ ಆಸ್ತಿ. ಅದನ್ನು ಹೇಳದೆ ಹಿರಿಯನು ತೀರಿಕೊಂಡರೆ ಕಿರಿಯನ ಮನೆಯೂ ಅವನೊಡನೆ ಹೋದಂತೆಯೇ.

ಹಾಗೆ ದೊರೆತ ಹಕ್ಕಿನ ಸ್ವರೂಪವೂ ಚಿಂತನೀಯವಾಗಿದೆ. ಅದು ವಂಶಕ್ಕೆ ಸಲ್ಲುತ್ತದೆ, ಆದರೆ ಮಾರಲು ಬಾರದು. ದಂಪತಿಗಳಿದ್ದರೆ ಇಬ್ಬರ ಹೆಸರಿನಲ್ಲಿಯೂ ಇರುತ್ತದೆ. ವಾಸಕ್ಕಾಗಿ ಮನೆ, ವಿಕ್ರಯಕ್ಕಾಗಿ ಅಲ್ಲ ಎಂಬ ಪುರಾತನವಾದ ಭಾವನೆಯನ್ನು ಒಂದು ಹೊಸ ಕಾಯಿದೆಯು, ಕಾಡಿನ ಅತ್ಯಂತ ಬಡವರ ವಿಷಯದಲ್ಲಿ, ಅಂಗೀಕರಿಸಿದೆ. ಅದರಲ್ಲಿ ಎಷ್ಟನ್ನು ಉಳ್ಳವರೂ ಸ್ವೇಚ್ಛೆಯಿಂದ ಅಂಗೀಕರಿಸಿಯಾರೆಂಬುದು ಸಮಾಜದ ಮುಂದಿರುವ ಪರೀಕ್ಷೆ.

೭

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಮನುಷ್ಯನು ದೇವಋಣ, ಋಷಿಋಣ, ಪಿತೃಋಣವೆಂಬ ಮೂರು ಋಣಗಳೊಡನೆ ಹುಟ್ಟುತ್ತಾನೆಂದು ವೇದವು ಹೇಳುತ್ತದೆ. ಇವುಗಳಲ್ಲಿ ಪಿತೃಋಣದ ರೀತಿಯು ವಿಲಕ್ಷಣವಾದದ್ದು. ದೇವಋಣವನ್ನು ದೇವತೆಗಳಿಗೇ ಯಜ್ಞದಿಂದ ತೀರಿಸಬಹುದು. ಪಿತೃಋಣವನ್ನಾದರೋ ಪ್ರಜೆಯಿಂದ, ಎಂದರೆ ಸಂತಾನದಿಂದ, ತೀರಿಸಬೇಕೆಂದು ವಿಧಿ. ಪಡೆದದ್ದು ಹಿಂದಿನವರಿಂದ, ಸಲ್ಲಿಸತಕ್ಕದ್ದು ಮುಂದಿನವರಿಗೆ. ಹೆತ್ತ ಮಾತ್ರಕ್ಕೆ ಆ ಋಣವು ಹರಿಯಿತೆಂದು ತಿಳಿಯುವುದು ಅಲ್ಪದೃಷ್ಟಿ. ಹುಟ್ಟಿದವನಿಗೆ ನಿಲ್ಲಲು ನೆಲೆಯಿಲ್ಲದಂತೆ ಮಾಡಿ, ವಂಶವನ್ನು ಬೆಳೆಸಿದೆನೆಂದು ಹೇಳುವುದು ಹೇಗೆ ಕೂಡುತ್ತದೆ? ಆದುದರಿಂದ ಹಿರಿಯರ ಕೈಯಲ್ಲಿರುವ ನೆಲೆಯಲ್ಲಿ, ಅವರ ಸ್ವಂತ ಶ್ರಮದ ಅಂಶವು ಅವರದು, ಅವರ ಭದ್ರತೆಗೆ ಬೇಕಾದ ಅಂಶವೂ ಅವರದು. ಕಾಲವೂ ಸಮಾಜವೂ ಅವರಿಗೆ ಕೊಟ್ಟ ಅಧಿಕಾಂಶವು ಋಣ. ಅದನ್ನು ಸಕಾಲದಲ್ಲಿ, ಮೊದಲು ತಮ್ಮ ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ, ಅನಂತರ ಊರಿನ ಮಕ್ಕಳಿಗೆ, ಸಲ್ಲಿಸತಕ್ಕದ್ದು. ಕಿರಿಯರಿಗೂ ಇದರಿಂದ ಹೊಣೆಯುಂಟು: ಪಡೆದುದನ್ನು ಮಾರಿ ಮುಗಿಸದೆ, ಕೊಟ್ಟವರ ಮುಪ್ಪನ್ನು ಕಾಪಾಡಿ, ತಾವೂ ಹಿರಿಯರಾದ ದಿನ ಇದೇ ಮಾತನ್ನು ನೆನಪಿಟ್ಟುಕೊಳ್ಳತಕ್ಕದ್ದು.

ಉಳವಿಯಲ್ಲಿ ಸಮಾಧಿಸ್ಥರಾಗಿರುವವರು ವಯಸ್ಸಿನಿಂದ ಶರಣರಲ್ಲಿ ಹಿರಿಯರಾಗಿರಲಿಲ್ಲ. ಅಕ್ಕನಾಗಮ್ಮನವರ ಮಗನಾದ ಚೆನ್ನಬಸವಣ್ಣನವರು ಅವರಲ್ಲಿ ಬಹುಮಂದಿಗಿಂತ ಕಿರಿಯರು. ಆದರೂ ಅಲ್ಲಮಪ್ರಭುಗಳು ತಮ್ಮ ತರುವಾಯ ಶೂನ್ಯಪೀಠವನ್ನು ಅವರಿಗೆ ಬಿಟ್ಟುಕೊಟ್ಟರೆಂದೂ, ವಯೋವೃದ್ಧರಾದ ಸಿದ್ಧರಾಮರು ಅವರಿಂದಲೇ ದೀಕ್ಷೆ ಪಡೆದರೆಂದೂ ಶರಣರ ಪರಂಪರೆಯು ಹೇಳುತ್ತದೆ. ಪ್ರಭುಗಳು ಲಿಂಗೈಕ್ಯರಾಗುವವರೆಗೆ ಕಿರಿಯರು ಕಾಯಬೇಕಾಗಲಿಲ್ಲ. ಅವರು ಇದ್ದಾಗಲೇ ಎದ್ದು ನಿಂತು ಜಾಗ ಮಾಡಿಕೊಟ್ಟರು. ಆ ಪೀಠದಲ್ಲಿ ಕುಳಿತ ಕಿರಿಯರು, ಮುಂದೆ ಕಷ್ಟಕಾಲವು ಬಂದಾಗ, ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಈ ಕಾಡಿನವರೆಗೆ ನಡೆದುಬಂದರು. ಸಕಾಲದಲ್ಲಿ ಬಿಟ್ಟುಕೊಟ್ಟ ಸ್ಥಾನವು ವ್ಯರ್ಥವಾಗಲಿಲ್ಲವೆಂಬುದಕ್ಕೆ ಉಳವಿಯೇ ಸಾಕ್ಷಿ.